ಪದ ಅದೇ, ಮಟ್ಟು ಬೇರೆ

ಶಿವಮೊಗ್ಗ ಜಿಲ್ಲೆಯೆಂದೊಡನೆ ಪ್ರವಾಸಿಗರ ಕಣ್ಣ ಮುಂದೆ ನಿಲ್ಲುವುದು ಜೋಗದ ಜಲಪಾತ. ಅದಾದ ಬಳಿಕ ಆಗುಂಬೆಯ ಸೂರ್ಯಾಸ್ತ. ಜಿಲ್ಲೆಯ ಉತ್ತರದ ಅಂಚಿನಲ್ಲಿ, ಮಲೆನಾಡು ತನ್ನ ಬೆಟ್ಟಗಳನ್ನು ತಗ್ಗಿಸಿಕೊಂಡು ಬಯಲಿನ ಕಡೆಗೆ ಮುಖಮಾಡುವ ಎಡೆಯಲ್ಲಿ, ಶಿಕಾರಿಪುರ ಮತ್ತು ಸೊರಬ ಎಂಬ ಎರಡು ತಾಲ್ಲೂಕುಗಳಿವೆ. ಅಲ್ಲಿಗೆ ಹೋಗುವವರು ಬಹುಮಟ್ಟಿಗೆ ನೆಂಟರ ಮನೆಗೆ ಹೋಗುವವರೇ. ನಾನು ಸಹ 2008ರ ದೀಪಾವಳಿಗೆ ಸೊರಬದ ಸೀಮೆಯ ಹಳ್ಳಿಯೊಂದರಲ್ಲಿರುವ ಅಕ್ಕನ ಮನೆಗೆ ಹೊರಟವನು. ದಾರಿಯಲ್ಲಿ ಒಂದು ಜಗಳವಾಯಿತು. ಜಗಳಕ್ಕೆ ಕಾರಣ ಹಣವಲ್ಲ, ಆಸ್ತಿಯಲ್ಲ. ಎಂಟು ಹಾಡುಗಳ ಒಂದು ಧ್ವನಿತಟ್ಟೆ.

ಅಣ್ಣನ ಮಗ ಹಿಂದಿನ ರಾತ್ರಿಯೇ ಬೆಂಗಳೂರಿನಿಂದ ಕಾರಿನಲ್ಲಿ ಶಿವಮೊಗ್ಗದ ನಮ್ಮ ಮನೆಗೆ ಬಂದಿಳಿದಿದ್ದ. ಹುಟ್ಟಿದ್ದು, ಓದಿದ್ದು, ಈಗ ಕೆಲಸ ಮಾಡುತ್ತಿರುವುದು ಎಲ್ಲವೂ ಬೆಂಗಳೂರಿನಲ್ಲೇ. ಮನೆಯಲ್ಲಿ ಕನ್ನಡ ಮಾತನಾಡುತ್ತಾನೆ; ಕನ್ನಡ ಪುಸ್ತಕವನ್ನು ಕೊಟ್ಟರೆ ಮೊದಲ ಪುಟದಲ್ಲೇ ಬಳಲುತ್ತಾನೆ. ಅಂತಹವನು ಬೆಳಗ್ಗೆ ಹೊಳೆಯ ಸೇತುವೆ ದಾಟಿ ಶಿಕಾರಿಪುರದ ಹಾದಿ ಹಿಡಿಯುತ್ತಲೇ, “ಚಿಕ್ಕಪ್ಪ, ನಿಮಗೆ ಇಷ್ಟವಾಗುವ ಹಾಡು ಹಾಕ್ತೀನಿ, ನೋಡಿ. ಶರೀಫರದು” ಎಂದ. ನಾನು ಹಿಗ್ಗಿ ಕಿವಿ ತೆರೆದು ಕುಳಿತೆ.

ಕೇಳಿಬಂದದ್ದು ಗಿಟಾರು. ಅದರ ಬೆನ್ನಿಗೆ ಡ್ರಮ್ಮು. ಆಮೇಲೆ ಎದೆಯ ಆಳದಿಂದ ಎದ್ದು ಬಂದ ಒಂದು ದೊಡ್ಡ ಗಂಟಲು. ಶರೀಫರ ಗುಡುಗುಡಿಯ ಪದವನ್ನು ಅದು ಹಾಡತೊಡಗಿತು.

ಹಾಡಿದವರು ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವೀಧರರು, ಭರತನಾಟ್ಯ ಕಲಿತವರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರು ಹಿಡಿದು ವೇದಿಕೆಯೇರುವುದು ಅವರ ಪದ್ಧತಿ. ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬುದು ಅವರ ವಾದ್ಯತಂಡದ ಹೆಸರು. ತಂಡದ ಮೊದಲ ಆಲ್ಬಂ ಆ ವರ್ಷವೇ ಹೊರಬಂದಿತ್ತು. ಅದರಲ್ಲಿ ಹಿಂದಿಯ ಹಾಡುಗಳಿದ್ದುವು, ಇಂಗ್ಲಿಷಿನದಿತ್ತು. ಕನ್ನಡದವಾಗಿ ಇದ್ದ ಎರಡು ಹಾಡುಗಳು, ಗುಡುಗುಡಿಯದು ಮತ್ತು ಸೋರುವ ಮಾಳಿಗೆಯದು, ಶಿಶುನಾಳ ಶರೀಫರವು. ರಾಕ್ ಎಂಬ ಸಂಗೀತ 1950ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿ ಲೋಕವನ್ನೆಲ್ಲ ಸುತ್ತಿದ್ದು. ಅದು ಕೊನೆಗೆ ಶಿಶುನಾಳಕ್ಕೂ ಬಂದು ಮುಟ್ಟಿತೆಂದು ಬೇರೆಯವರು ಸಂತೋಷಪಟ್ಟಿರಬಹುದು. ನನಗೆ ಸಂತೋಷವಾಗಲಿಲ್ಲ.

ನಾನು ಸಿ. ಅಶ್ವತ್ಥರ ಕಾಲದವನು. 1980ರ ದಶಕದಲ್ಲಿ ಅವರು ರಾಗ ಹಾಕಿದ ಶರೀಫರ ಹಾಡುಗಳನ್ನು ಕ್ಯಾಸೆಟ್ಟು ಸವೆಯುವವರೆಗೆ ಕೇಳಿದವನು. ನಮ್ಮ ಊರಿನವರೇ ಎಂಬ ಅಭಿಮಾನದಿಂದ ಶಿವಮೊಗ್ಗ ಸುಬ್ಬಣ್ಣನವರ ಕಂಠವನ್ನು ಆರಾಧಿಸಿದವನು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಾಗ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗಿ ಎರಡು ಬಾರಿ ನೋಡಿದವನು. ಆದುದರಿಂದ ಹಾಡು ಅರ್ಧಕ್ಕೆ ಬರುವ ಮೊದಲೇ, “ನಿಲ್ಲಿಸಪ್ಪ ಅದನ್ನು. ಶರೀಫಜ್ಜನಿಗೆ ಹೀಗೆ ಅಪಮಾನ ಮಾಡಬಾರದು” ಎಂದುಬಿಟ್ಟೆ. ಹುಡುಗ ಮರುಮಾತಿಲ್ಲದೆ ಕೈನೀಡಿ ಹಾಡನ್ನು ನಿಲ್ಲಿಸಿದ. ಸ್ವಲ್ಪ ಹೊತ್ತಿನ ಮೇಲೆ, “ನನಗೆ ಬರೋ ಕನ್ನಡ ಹಾಡು ಇವೆರಡೇ, ಚಿಕ್ಕಪ್ಪ” ಎಂದಷ್ಟೇ ಹೇಳಿದ. ಆಮೇಲೆ ಕಾರಿನಲ್ಲಿ ಇಂಜಿನಿನ ಸದ್ದು ಮಾತ್ರ.

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಐವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಮಳೆಗಾಲ ಮುಗಿದ ಹೊತ್ತಿನಲ್ಲಿ ಆ ದಾರಿಯಷ್ಟು ಸೊಗಸಾದ ದಾರಿ ಇನ್ನೊಂದಿಲ್ಲ. ಕೆರೆಗಳು ತುಂಬಿ, ಬತ್ತದ ಗದ್ದೆ ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ. ನಡುನಡುವೆ ಅಡಿಕೆಯ ತೋಟ, ಮೆಕ್ಕೆಜೋಳದ ಹೊಲ. ಶಿಕಾರಿಪುರಕ್ಕೆ ಸಮೀಪದಲ್ಲಿ ಕುಮುದ್ವತಿ ಹೊಳೆಗೆ ಕಟ್ಟಿರುವ ಅಂಜನಾಪುರದ ಜಲಾಶಯವಿದೆ. ಊರೊಳಗೆ ಹುಚ್ಚರಾಯಸ್ವಾಮಿಯ ಗುಡಿ, ಅದೇ ಹೆಸರಿನ ವಿಶಾಲವಾದ ಕೆರೆ. ಗುಡಿಯಲ್ಲಿ ಕೈಮುಗಿದು ಕಾಫಿ ಕುಡಿದೆವು. ಕಾಫಿಯಿಂದಲೂ ಮೌನ ಕರಗಲಿಲ್ಲ. ಹಬ್ಬದ ದಿನ ಹುಡುಗನ ಮನಸ್ಸನ್ನು ನೋಯಿಸಿದೆನಲ್ಲಾ ಎಂದು ನನಗೂ ಅಳುಕು. ಅದನ್ನು ತಿದ್ದಿಕೊಳ್ಳುವ ನೆಪಕ್ಕೆ, “ಶಿರಾಳಕೊಪ್ಪದ ಹತ್ತಿರ ಬಳ್ಳಿಗಾವಿ ಇದೆ. ನೀನು ನೋಡಿಲ್ಲ. ಹೋಗೋಣ” ಎಂದೆ.

ಮದ್ದಳೆಯವನ ಊರು

ಶಿರಾಳಕೊಪ್ಪದಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿರುವ ಬಳ್ಳಿಗಾವಿ ಇಂದು ಒಂದು ಸಣ್ಣ ಹಳ್ಳಿ. ಒಂಬೈನೂರು ವರ್ಷಗಳ ಹಿಂದೆ ಅದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿ, ಮಠಗಳಿಂದಲೂ ಗುಡಿಗಳಿಂದಲೂ ತುಂಬಿದ ಮಹಾನಗರವಾಗಿತ್ತು. ಕದಂಬರ ಮಯೂರಶರ್ಮನ ಕಥೆಯನ್ನು ಹೇಳುವ ಕಂಬದ ಶಾಸನವಿರುವ ತಾಳಗುಂದ, ಅಕ್ಕಮಹಾದೇವಿ ಹುಟ್ಟಿದ ಉಡುತಡಿ, ಎಲ್ಲವೂ ಈ ಸುತ್ತಿನಲ್ಲೇ ಇವೆ. ಊರ ನಡುವೆ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡದ ಕಂಬ ಸುಮಾರು 30 ಅಡಿ ಎತ್ತರಕ್ಕೆ ನಿಂತಿದೆ. ತ್ರಿಪುರಾಂತಕ ದೇವಾಲಯದಲ್ಲಿ ಬಾಗಿಲ ಪಕ್ಕದ ಕಲ್ಲಿನ ಜಾಲರಿಯನ್ನು ನೋಡಬೇಕು. ಬಳ್ಳಿಯ ಸುರುಳಿಗಳ ನಡುವೆ ಕುಣಿಯುವವರ ಮೈಬಾಗು ಇಂದಿಗೂ ಸಡಿಲಗೊಂಡಿಲ್ಲ.

ಊರಿನ ಅಂಚಿನಲ್ಲಿ, ಕೆರೆಯ ಸಮೀಪ, ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯ. ಇದಕ್ಕೆ ಹೊಂದಿಕೊಂಡೇ ಕೋಡಿಯಮಠವೆಂಬ ಪ್ರಸಿದ್ಧ ವಿದ್ಯಾಸ್ಥಾನ ಇದ್ದಿತು. ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂಬುದನ್ನು 1162ರ ಶಾಸನವೊಂದು ವಿವರವಾಗಿ ಹೇಳುತ್ತದೆ. ನಾಲ್ಕು ವೇದಗಳ ಪಾಠ, ಹಲವು ವ್ಯಾಕರಣಗಳ ವ್ಯಾಖ್ಯಾನ, ಆರು ದರ್ಶನಗಳು, ಕಾವ್ಯ, ನಾಟಕ, ರೋಗಿಗಳಿಗೆ ಔಷಧ, ದೀನರಿಗೂ ಅನಾಥರಿಗೂ ಕುರುಡರಿಗೂ ಕಿವುಡರಿಗೂ ಅನ್ನ. ಅನ್ನ ಪಡೆಯುವವರ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ಕಥೆ ಹೇಳುವವರು, ಹಾಡುವವರು, ವಾದ್ಯ ಬಾರಿಸುವವರು, ಕೊಳಲೂದುವವರು, ಕುಣಿಯುವವರು ಎಂದು ಒಬ್ಬೊಬ್ಬರನ್ನೂ ಬಿಡದೆ ಹೆಸರಿಸುತ್ತದೆ. ಇದನ್ನು ನಾನು ವಿವರಿಸಿದಾಗ ಹುಡುಗ ಬೆಳಗಿನಿಂದ ಮೊದಲ ಬಾರಿಗೆ ನಕ್ಕು, “ಹಾಗಾದರೆ ಬ್ಯಾಂಡಿನವರಿಗೂ ಊಟ ಇತ್ತು ಅನ್ನಿ!” ಎಂದ.

ಇತ್ತು. ಅಷ್ಟೇ ಅಲ್ಲ, ಬಳ್ಳಿಗಾವಿಯ ಅತ್ಯಂತ ಪ್ರಸಿದ್ಧ ಪುತ್ರನೇ ಒಬ್ಬ ವಾದ್ಯಗಾರ. ಅಲ್ಲಮಪ್ರಭುವಿನ ಕಥೆಯನ್ನು ಕನ್ನಡದಲ್ಲಿ ಮೊದಲು ವಿಸ್ತಾರವಾಗಿ ಹೇಳಿದವನು ಹರಿಹರ. ಅವನ ರಗಳೆಯ ಅಲ್ಲಮ ಹುಟ್ಟುಯೋಗಿಯಲ್ಲ. ಮದ್ದಳೆ ಬಾರಿಸುವ ಚೆಲುವ. ಕಮಲತೆಯೆಂಬ ಹೆಣ್ಣಿಗೆ ಮನಸೋತು, ಅವಳನ್ನು ಪಡೆದು, ಸುಖದ ನಡುವೆ ಅವಳನ್ನು ಜ್ವರಕ್ಕೆ ಕಳೆದುಕೊಳ್ಳುತ್ತಾನೆ. ಹುಚ್ಚನಂತೆ ಅಲೆಯುತ್ತ ಒಂದು ತೋಟದಲ್ಲಿ ಕುಳಿತು ಕಾಲುಗುರಿನಿಂದ ನೆಲ ಕೆದಕುತ್ತಿರುವಾಗ ಮಣ್ಣಿನಡಿಯಿಂದ ಗುಡಿಯೊಂದರ ಕಳಸ ಕಾಣಿಸುತ್ತದೆ. ಅಗೆದು ಒಳಹೊಕ್ಕರೆ ಅಲ್ಲಿ ಅನಿಮಿಷಯ್ಯನೆಂಬ ಯೋಗಿ. ಅವನ ಕೈಯಿಂದ ಅಲ್ಲಮನಿಗೆ ಲಿಂಗ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಕಥೆ ಬೇರೆ, ಅಲ್ಲಿ ಹೆಣ್ಣು ಮಾಯೆ, ಊರು ಬನವಾಸಿ. ಆದರೆ ಅಲ್ಲಿಯೂ ಅಲ್ಲಮನ ಕೈಯಲ್ಲಿ ಮದ್ದಳೆ ಹಾಗೆಯೇ ಉಳಿದಿದೆ.

“ಅಲ್ಲಮ ಡ್ರಮ್ಮರ್ ಆಗಿದ್ದನಾ?” ಎಂದು ಹುಡುಗ ಬೆರಗಾಗಿ ಕೇಳಿದ. ಡ್ರಮ್ಮರ್ ಎಂಬ ಮಾತು ಕಿವಿಗೆ ಚುಚ್ಚಿತು. ಅಲ್ಲವೆನ್ನಲು ಬಾಯಿ ತೆರೆದೆ. ಅಲ್ಲವೆನ್ನುವುದಕ್ಕೆ ಕಾರಣ ಸಿಗಲಿಲ್ಲ.

ಬೆಳಗಿನ ನನ್ನ ತೀರ್ಪಿನ ಬುಡ ಆ ಮಂಟಪದ ನೆರಳಿನಲ್ಲಿ ಮೊದಲು ಅಲುಗಿತು. ನಮ್ಮ ವಾದ್ಯಗಳ ಜಾತಕವನ್ನು ನೋಡಿದರೆ ಯಾವುದು ಮನೆಯದು, ಯಾವುದು ಹೊರಗಿನದು? ಇಂದು ನಮ್ಮ ಶಾಸ್ತ್ರೀಯ ಕಚೇರಿಗಳಿಗೆ ಅನಿವಾರ್ಯವಾಗಿರುವ ಪಿಟೀಲು ಯೂರೋಪಿನಿಂದ ಬಂದದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮದಾಗಿಸಿದರು. ನಾಟಕ ಕಂಪೆನಿಗಳ ಪ್ರಾಣವಾಗಿದ್ದ ಹಾರ್ಮೋನಿಯಂ ಕೂಡ ಹಡಗಿನಲ್ಲಿ ಬಂದ ಅತಿಥಿಯೇ. ವಚನಗಳನ್ನು ಮಲ್ಲಿಕಾರ್ಜುನ ಮನಸೂರರು ಹಿಂದುಸ್ತಾನಿ ರಾಗಗಳಲ್ಲಿ ಹಾಡಿದಾಗ ನಾವು ಕಣ್ಣೀರಿಟ್ಟೆವು. ಹನ್ನೆರಡನೆಯ ಶತಮಾನದ ಶರಣರು ಆ ಶೈಲಿಯನ್ನು ಕೇಳಿದವರೇ ಅಲ್ಲ. ಇಷ್ಟೆಲ್ಲ ಹೊಳೆದರೂ ನಾನು ಸೋಲನ್ನು ಒಪ್ಪಿಕೊಳ್ಳಲಿಲ್ಲ. ವಾದ್ಯ ಯಾವುದಾದರೂ ಇರಲಿ, ಆ ಗದ್ದಲದಲ್ಲಿ ಅರ್ಥ ಉಳಿದೀತೇ ಎಂಬ ಪ್ರಶ್ನೆ ಇನ್ನೂ ನನ್ನ ಬತ್ತಳಿಕೆಯಲ್ಲಿತ್ತು.

ಸೋರುವ ಮನೆ

ದಂಡಾವತಿಯ ದಡದ ಸೊರಬವನ್ನು ದಾಟಿ ಅಕ್ಕನ ಮನೆ ಸೇರುವಾಗ ಮಧ್ಯಾಹ್ನ ಕಳೆದಿತ್ತು. ಆ ಸೀಮೆಯ ಹಳೆಯ ಮನೆಗಳಂತೆ ಅದೂ ಹಂಚಿನ ಮನೆ: ಮುಂದೆ ಜಗಲಿ, ನಡುವೆ ಅಂಗಳ, ಹಿಂದೆ ಕೊಟ್ಟಿಗೆ, ಅದರಾಚೆ ತೋಟ. ಎಷ್ಟೋ ವರ್ಷಗಳ ಮೇಲೆ ಬಂದ ಸೋದರಳಿಯನನ್ನು ಕಂಡು ಅಕ್ಕನಿಗೆ ನೆಲ ಕಾಣದಷ್ಟು ಸಂಭ್ರಮ. ಸಂಜೆ ದೀಪಗಳನ್ನು ಸಾಲಿಗಿಡುವ ಹೊತ್ತಿಗೆ ಸರಿಯಾಗಿ ಮೋಡ ಕವಿದು ಒಂದು ಜಡಿಮಳೆ ಸುರಿಯಿತು. ಒಳಗೆ ಓಡಿ ಬಂದರೆ ನಡುಮನೆಯಲ್ಲಿ ಟಪ್ ಟಪ್ ಎಂದು ನೀರು. ಅಕ್ಕ ಅವಸರಪಡದೆ ಒಂದು ತಪ್ಪಲೆಯನ್ನೂ ಒಂದು ಬಕೆಟ್ಟನ್ನೂ ತಂದು ಅಳತೆ ಮಾಡಿದಂತೆ ಎರಡು ಕಡೆ ಇಟ್ಟಳು.

“ಏನತ್ತೆ, ಮನೆ ಸೋರ್ತಿದೆಯಲ್ಲ!” ಎಂದ ಹುಡುಗ.

“ಮಂಗ ಹಂಚು ಒಡೆದು ಹಾಕಿದಾವೋ. ಮಳೆಗಾಲ ಪೂರಾ ಹೀಗೇ ಆಯ್ತು. ನಿಮ್ಮ ಮಾವನಿಗೆ ಮಂಡಿನೋವು. ಹುಡುಗರೆಲ್ಲ ಊರು ಬಿಟ್ಟರು. ಮೇಲೆ ಹತ್ತಿ ನೋಡೋರು ಯಾರು?” ಎಂದಳು ಅಕ್ಕ.

ನಾನು ಹುಡುಗನ ಮುಖ ನೋಡಿದೆ. ಅವನು ತಪ್ಪಲೆಯನ್ನೇ ನೋಡುತ್ತಿದ್ದ. ಅಕ್ಕ ಅರಿಯದೆ ಹೇಳಿದ್ದು ಹೆಚ್ಚು ಕಡಿಮೆ ಶರೀಫರ ಹಾಡನ್ನೇ. ಶಿಶುನಾಳವಿರುವುದು ಇಲ್ಲಿಂದ ಬಹಳ ದೂರವಲ್ಲ. ಸೊರಬದ ಗಡಿ ದಾಟಿದರೆ ಹಾನಗಲ್ಲು, ಅದರ ಮುಂದೆ ಶಿಗ್ಗಾವಿ. 1819ರಿಂದ 1889ರ ವರೆಗೆ ಬಾಳಿದ ಶರೀಫರು ಅಲ್ಲಿನ ಮಣ್ಣಿನ ಮಾಳಿಗೆಯ ಮನೆಗಳನ್ನು ಕಂಡು ಆ ಪದವನ್ನು ಕಟ್ಟಿದರು. ಮನೆಯೆಂದರೆ ಈ ಬಾಳು; ಸೋರುವುದು ಅಜ್ಞಾನದಿಂದ; ಕತ್ತಲಲ್ಲಿ ದೀಪ ಹಿಡಿದು ಮೇಲೆ ಹತ್ತಿ ಸರಿಪಡಿಸುವವರಿಲ್ಲ ಎಂಬುದು ಅದರ ಕೊರಗು. ಮಳೆಯ ಸದ್ದಿನ ನಡುವೆ ಇಷ್ಟನ್ನು ಹುಡುಗನಿಗೆ ಬಿಡಿಸಿ ಹೇಳಿದೆ. ಅವನು ತಲೆದೂಗಿ, “ನಾನು ಇದನ್ನು ಮಳೆ ಹಾಡು ಅಂತಲೇ ಅಂದುಕೊಂಡಿದ್ದೆ” ಎಂದ.

ಗೆದ್ದೆನೆನ್ನಿಸಿತು. “ನೋಡು, ಅರ್ಥ ಗೊತ್ತಿಲ್ಲದೆ ಕುಣಿದರೆ ಹೀಗಾಗುತ್ತದೆ. ನಿಜವಾದ ಮಟ್ಟಿನಲ್ಲಿ ಕೇಳು” ಎಂದು ಅಶ್ವತ್ಥರ ಧಾಟಿಯಲ್ಲಿ ಹಾಡಿ ತೋರಿಸಲು ಹೊರಟೆ. ಪಲ್ಲವಿ ಬಂತು. ಮೊದಲ ನುಡಿ ಅರ್ಧ ಬಂತು. ಮುಂದೆ ತೊದಲಿದೆ. ಇಪ್ಪತ್ತು ವರ್ಷ ಕೇಳಿದ ಹಾಡಿನ ಎರಡನೆಯ ನುಡಿಗೆ ಬರುವಷ್ಟರಲ್ಲಿ ನನ್ನ ಬಳಿ ರಾಗವೊಂದೇ ಉಳಿದಿತ್ತು. ಹುಡುಗ ಮೆಲ್ಲಗೆ, ತಪ್ಪಿಲ್ಲದೆ, ಬಿಟ್ಟ ಪದಗಳನ್ನು ತುಂಬಿಕೊಟ್ಟ. ಕೊನೆಯ ನುಡಿಯವರೆಗೂ ಅವನಿಗೆ ಬಾಯಿಪಾಠವಾಗಿತ್ತು.

ಅರ್ಥ ನನ್ನ ಬಳಿ ಇತ್ತು, ಹಾಡು ಅವನ ಬಳಿ ಇತ್ತು. ಹಾಡಿದ್ದರೆ ಅರ್ಥವನ್ನು ಯಾರಾದರೂ ಹಿರಿಯರು ಕೂತು ಹೇಳಿಕೊಡಬಹುದು. ಹಾಡೇ ಮರೆತುಹೋದರೆ ನನ್ನ ಅರ್ಥವನ್ನು ಯಾವುದಕ್ಕೆ ಹಚ್ಚಲಿ? ಕನ್ನಡ ಪುಸ್ತಕದ ಒಂದು ಪುಟವನ್ನು ಓದಲಾರದ ಹುಡುಗನ ಎದೆಯಲ್ಲಿ ಶರೀಫರ ಎರಡು ಪದಗಳನ್ನು ಒಂದಕ್ಷರ ಸೋರದಂತೆ ಇರಿಸಿದ್ದು ನಾನು ಬೆಳಗ್ಗೆ ಬಾಯಿ ಮುಚ್ಚಿಸಿದ ಆ ಗಿಟಾರೇ ತಾನೆ?

ಅಕ್ಕ ಒಲೆಯ ಮುಂದಿನಿಂದಲೇ ಕಡೆಯ ಪೆಟ್ಟನ್ನು ಕೊಟ್ಟಳು. “ನೀನು ಆ ಅಶ್ವತ್ಥರ ಕ್ಯಾಸೆಟ್ಟು ತಂದ ದಿನ ಅಪ್ಪ ಏನಂದಿದ್ದರು, ಮರೆತೆಯಾ? ‘ತಂಬೂರಿ ಮೇಲೆ ಹೇಳೋ ಪದಕ್ಕೆ ಇಷ್ಟೊಂದು ವಾಲಗ ಯಾಕೆ?’ ಅಂತ ಎದ್ದು ತೋಟಕ್ಕೆ ಹೋಗಿಬಿಟ್ಟಿದ್ದರು.” ನಿಜ. ನಾನು ಅಂದು ಅಪ್ಪನ ಮೇಲೆ ಎರಡು ದಿನ ಮುನಿಸಿಕೊಂಡಿದ್ದೆ.

ಅಂಗಳಕ್ಕೆ ಬಂದ ದೀಪ

ರಾತ್ರಿ ಊಟ ಮುಗಿದು ಮಳೆ ಹೊಳವಾದ ಮೇಲೆ ದೂರದಲ್ಲಿ ಹಾಡು ಕೇಳಿಸಿತು. ಬಲಿಪಾಡ್ಯದ ಹೊತ್ತಿನ ರಾತ್ರಿಗಳಲ್ಲಿ ಈ ಸೀಮೆಗೆ ಬಂದವರು ನಿದ್ದೆಗೆಟ್ಟಾದರೂ ಕಾದಿದ್ದು ನೋಡಬೇಕಾದದ್ದು ಅಂಟಿಗೆ-ಪಂಟಿಗೆ. ಹಳ್ಳಿಯ ಗಂಡಸರ ಒಂದು ಗುಂಪು ಉರಿಯುವ ದೀಪವನ್ನು ಹಿಡಿದು, ಗಾಳಿಗೆ ಆರದಂತೆ ಕಾಪಾಡುತ್ತ, ಮನೆಯಿಂದ ಮನೆಗೆ ಹಾಡುತ್ತ ನಡೆಯುತ್ತದೆ. ಬಾಗಿಲ ಮುಂದೆ ನಿಂತು ಬಾಗಿಲು ತೆರೆಯಿರೆಂದು ಹಾಡುತ್ತಾರೆ. ಮನೆಯ ಹೆಣ್ಣುಮಕ್ಕಳು ಹೊರಗೆ ಬಂದು ದೀಪಕ್ಕೆ ಎಣ್ಣೆ ಎರೆದು, ಅದರಿಂದ ತಮ್ಮ ಮನೆಯ ದೀಪವನ್ನು ಹೊತ್ತಿಸಿಕೊಳ್ಳುತ್ತಾರೆ. ಹಾಡಿದವರಿಗೆ ಕಾಣಿಕೆ ಕೊಡುತ್ತಾರೆ. ಮೇಳದಲ್ಲಿ ವಾದ್ಯವಿಲ್ಲ. ಮುಂದಿನವರು ಹೇಳಿದ್ದನ್ನು ಹಿಂದಿನವರು ಎತ್ತಿಕೊಂಡು ಹಾಡುತ್ತಾರೆ. ಕತ್ತಲೆ, ತೊಯ್ದ ಮಣ್ಣಿನ ವಾಸನೆ, ಒಂದೇ ಒಂದು ದೀಪದ ಬೆಳಕಿನಲ್ಲಿ ಏಳೆಂಟು ಮುಖಗಳು, ಇಡೀ ಕೇರಿಗೆ ಕೇಳಿಸುವ ತೆರೆದ ಗಂಟಲು.

ಅಕ್ಕ ಎಣ್ಣೆ ಎರೆದಳು. ಗುಂಪು ಜಗಲಿಯ ಮೇಲೆ ಚಹಾ ಕುಡಿಯಲು ಕುಳಿತಾಗ ಭಾವ ಸುಮ್ಮನಿರದೆ, “ನಮ್ಮ ಬೆಂಗಳೂರಿನ ಹುಡುಗನೂ ಹಾಡ್ತಾನಂತೆ” ಎಂದರು. ಹುಡುಗ ನನ್ನ ಕಡೆ ನೋಡಿದ. ನಾನು, “ಹಾಡಪ್ಪ, ಗುಡುಗುಡಿದು ಹಾಡು” ಎಂದೆ. ಬೆಳಗಿನ ತಪ್ಪಿಗೆ ನಾನು ಕೇಳಿಕೊಂಡ ಕ್ಷಮೆ ಅಷ್ಟೇ. ಅವನಿಗೆ ಅದು ತಿಳಿಯಿತು.

ಗಿಟಾರಿಲ್ಲ, ಡ್ರಮ್ಮಿಲ್ಲ. ಜಗಲಿಯ ಹಲಗೆಯ ಮೇಲೆ ಬೆರಳು ತಟ್ಟುತ್ತ ಆ ಆಲ್ಬಂನ ಮಟ್ಟಿನಲ್ಲೇ ಹಾಡಿದ. ಮೇಳದ ಹಿರಿಯರೊಬ್ಬರು ಮೊದಲು ಹುಬ್ಬೇರಿಸಿದರು, ಆಮೇಲೆ ಕಾಲು ಕುಣಿಸಿದರು. ಎರಡನೆಯ ಪಲ್ಲವಿಗೆ ತಾವೂ ದನಿಗೂಡಿಸಿದರು, ಆದರೆ ತಮ್ಮ ಊರಿನ ಭಜನೆಯ ಮಟ್ಟಿನಲ್ಲಿ. ಎರಡು ಮಟ್ಟುಗಳು ಒಂದನ್ನೊಂದು ಡಿಕ್ಕಿ ಹೊಡೆದು ಎಲ್ಲರೂ ನಕ್ಕರು. ಹಾಡು ಮುಗಿದ ಮೇಲೆ ಅವರು ಹೇಳಿದರು: “ಪದ ಅದೇ, ಮಟ್ಟು ಬೇರೆ. ಅಡ್ಡಿಲ್ಲ ತಮ್ಮಾ.”

ಅಡ್ಡಿಲ್ಲವೆಂಬುದು ನಮ್ಮ ಕಡೆಯ ದೊಡ್ಡ ಮೆಚ್ಚುಗೆ. ಅಪ್ಪನ ಬಾಯಿಂದ ನನ್ನ ಕ್ಯಾಸೆಟ್ಟಿಗೆ ಆ ಮಾತು ಬಂದಿದ್ದರೆ ಅಂದು ನಾನು ಊರಿಗೆಲ್ಲ ಸಿಹಿ ಹಂಚುತ್ತಿದ್ದೆ.

ಮರುದಿನ ಆನವಟ್ಟಿಯ ಹತ್ತಿರದ ಕುಬಟೂರಿಗೆ ಹೋಗಿ ಕೈಟಭೇಶ್ವರನ ವಿಶಾಲವಾದ ಕಂಬಗಳ ಮಂಟಪದಲ್ಲಿ ಸ್ವಲ್ಪ ಹೊತ್ತು ಕುಳಿತು, ಹಿಂದಿರುಗುವ ದಾರಿ ಹಿಡಿದೆವು. ಈ ಬಾರಿ ಧ್ವನಿತಟ್ಟೆಯನ್ನು ಹಾಕೆಂದು ನಾನೇ ಹೇಳಿದೆ. ಮೊದಲಿನಿಂದ ಕೊನೆಯವರೆಗೂ ಕೇಳಿದೆ. ನನ್ನ ಅಭಿಪ್ರಾಯ ಪೂರ್ತಿ ಬದಲಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಗುಡುಗುಡಿಯ ಹಾಡಿಗೆ ಆ ಉತ್ಸಾಹ ಒಪ್ಪುತ್ತದೆ. ಸೇದುವ ಚಟವನ್ನೇ ಸಾಧನೆಯ ರೂಪಕವಾಗಿಸಿದ ಶರೀಫರ ತುಂಟತನ ಡ್ರಮ್ಮಿನ ನಡೆಯಲ್ಲಿ ಚೆನ್ನಾಗಿಯೇ ಕಣ್ಣು ಮಿಟುಕಿಸುತ್ತದೆ. ಮಾಳಿಗೆಯ ಹಾಡಿನಲ್ಲಿ ಮಾತ್ರ ನನಗೆ ಬೇಕಾದದ್ದು ಇನ್ನಷ್ಟು ಬಿಡುವು. ಒಂದು ಹನಿ ಬಿದ್ದು ಇನ್ನೊಂದು ಬೀಳುವವರೆಗೆ ಕಾಯುವಷ್ಟು ಮೌನ ಅಲ್ಲಿರಬೇಕಿತ್ತು. ಇದನ್ನು ಹುಡುಗನಿಗೆ ಹೇಳಿದೆ. ಅವನು ಒಪ್ಪಲಿಲ್ಲ. ಶಿರಾಳಕೊಪ್ಪದಿಂದ ಶಿವಮೊಗ್ಗದವರೆಗೂ ವಾದ ನಡೆಯಿತು; ಹೋಗುವಾಗಿನ ಮೌನಕ್ಕಿಂತ ಅದು ಎಷ್ಟೋ ಹಿತವಾಗಿತ್ತು.

ಮರುವರ್ಷ, 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟಿದ ದಿನವೇ ಅಶ್ವತ್ಥರು ತೀರಿಕೊಂಡರು. ಆ ರಾತ್ರಿ ಮೊದಲು ಫೋನು ಮಾಡಿದವನು ಈ ಹುಡುಗ. ಸುಬ್ಬಣ್ಣನವರೂ 2022ರಲ್ಲಿ ಹೋದರು. ರಘು ದೀಕ್ಷಿತರ ತಂಡ 2013ರಲ್ಲಿ ತನ್ನ ಎರಡನೆಯ ಆಲ್ಬಂ ತಂದಾಗ ಅದರಲ್ಲಿಯೂ ಶರೀಫರಿಗೆ ಎಡೆಯಿತ್ತು. ಹುಡುಗ ಅದನ್ನು ನನಗೆ ಅಂಚೆಯಲ್ಲಿ ಕಳುಹಿಸಿ, ಎರಡು ದಿನ ಬಿಟ್ಟು ಫೋನಿನಲ್ಲಿ, “ಕೇಳಿದ್ರಾ? ಅದರಲ್ಲಿ ಒಂದು ಪದಕ್ಕೆ ಅರ್ಥ ಹೇಳಿ, ಚಿಕ್ಕಪ್ಪ” ಎಂದ.

ಆ ಪದದ ಅರ್ಥ ನನಗೂ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆಂದು ಫೋನು ಇಟ್ಟು, ಅಟ್ಟದ ಪೆಟ್ಟಿಗೆಯಿಂದ ಅಪ್ಪನ ಕಾಲದ ನಿಘಂಟನ್ನು ಇಳಿಸಿಕೊಂಡು, ಧೂಳು ಝಾಡಿಸಿ, ಕನ್ನಡಕ ಹುಡುಕತೊಡಗಿದೆ.